ಮೊದಲ ಮನೆ ಕೊಳ್ಳುವವರು ಎಡವುವ ಕಡೆಗಳು: ಗ್ರಾಮ ಪಂಚಾಯಿತಿ ಸದಸ್ಯರು ಅರಿತಿರಬೇಕಾದ ಸಂಗತಿಗಳು

ಗ್ರಾಮ ಪಂಚಾಯಿತಿ ವ್ಯಾಪ್ತಿಯ ಬಹುಪಾಲು ಕುಟುಂಬಗಳು ಜೀವಮಾನದಲ್ಲಿ ಒಂದೇ ಬಾರಿ ಮನೆಯನ್ನೋ ನಿವೇಶನವನ್ನೋ ಕೊಳ್ಳುತ್ತವೆ. ಅದಕ್ಕೆ ಹೊಂದಿಸುವ ಹಣ ಒಂದೇ ಕಡೆಯಿಂದ ಬಂದುದಾಗಿರುವುದಿಲ್ಲ. ಚೀಟಿ ಎತ್ತಿದ ಹಣ, ಅಡವಿಟ್ಟ ಒಡವೆ, ಮಾರಿದ ಹಸು, ಸ್ವಸಹಾಯ ಸಂಘದ ಸಾಲ, ಕಾರ್ಖಾನೆಯ ಭವಿಷ್ಯನಿಧಿ ಇವೆಲ್ಲ ಸೇರಿ ಒಂದು ಮುಂಗಡವಾಗುತ್ತದೆ. ಇಷ್ಟು ಕಷ್ಟದ ಹಣವನ್ನು ಕೈಬಿಡುವ ಮೊದಲು ವಕೀಲರ ಬಳಿಗೆ ಹೋಗುವವರು ಕಡಿಮೆ. ವಾರ್ಡಿನ ಸದಸ್ಯರನ್ನು ಕೇಳುವವರೇ ಹೆಚ್ಚು. 'ಈ ಜಾಗಕ್ಕೆ ಏನೂ ತಕರಾರಿಲ್ಲ ತಾನೇ?' ಎಂಬ ಪ್ರಶ್ನೆ ಬಸ್ ನಿಲ್ದಾಣದಲ್ಲಿ, ಹೋಟೆಲಿನ ಬೆಂಚಿನ ಮೇಲೆ, ಮದುವೆಮನೆಯ ಪಂಕ್ತಿಯಲ್ಲಿ ಬರುತ್ತದೆ. ಸದಸ್ಯರು ಸುಮ್ಮನೆ ತಲೆಯಾಡಿಸಿದರೂ ಕೇಳಿದವರು ಅದನ್ನು ಪಂಚಾಯಿತಿಯ ಭರವಸೆಯೆಂದೇ ಎಣಿಸುತ್ತಾರೆ. ಆದ್ದರಿಂದ ಇಂತಹ ವ್ಯವಹಾರಗಳಲ್ಲಿ ಜನರು ಎಲ್ಲಿ ಎಡವುತ್ತಾರೆ ಎಂಬುದನ್ನು ಸದಸ್ಯರು ತಿಳಿದಿರುವುದು ಅಗತ್ಯ.

ಒಂದು ಸಾಮಾನ್ಯ ಪ್ರಸಂಗವನ್ನು ಎಣಿಸಿಕೊಳ್ಳಬಹುದು. ತಾಲ್ಲೂಕು ಕೇಂದ್ರದಿಂದ ಆರು ಕಿಲೋಮೀಟರ್ ದೂರದ ಗ್ರಾಮದಲ್ಲಿ ಗಾರೆ ಕೆಲಸದವರೊಬ್ಬರು ಮತ್ತು ಸಿದ್ಧ ಉಡುಪು ಕಾರ್ಖಾನೆಗೆ ಹೋಗುವ ಅವರ ಪತ್ನಿ 30x40 ಅಡಿಯ ನಿವೇಶನದಲ್ಲಿರುವ ಎರಡು ಕೋಣೆಗಳ ಮನೆಯನ್ನು 12 ಲಕ್ಷ ರೂಪಾಯಿಗೆ ಮಾತಾಡಿಕೊಳ್ಳುತ್ತಾರೆ. ಮಧ್ಯವರ್ತಿಯು ಮಾರುವವರ ಹೆಸರಿನ ಮನೆ ಕಂದಾಯದ ರಸೀದಿ, ವಿದ್ಯುತ್ ಬಿಲ್ಲು, ಹಿಂದಿನವರು ಬರೆದುಕೊಟ್ಟ ಛಾಪಾ ಕಾಗದದ ಕರಾರು ಮತ್ತು ಒಂದು ಮುಖ್ತಾರುನಾಮೆ, ಅಂದರೆ ಜಿಪಿಎ, ತೋರಿಸುತ್ತಾನೆ. 'ರಿಜಿಸ್ಟ್ರೇಷನ್ ಈಗ ನಿಂತಿದೆ, ತೆರೆದ ಕೂಡಲೇ ಮಾಡಿಸಿಕೊಡುತ್ತೇವೆ' ಎನ್ನುತ್ತಾನೆ. ಮೂರು ಲಕ್ಷ ಮುಂಗಡ, ಆಮೇಲೆ ಆರು ಲಕ್ಷ ಕೊಟ್ಟು ದಂಪತಿಗಳು ಹಾಲು ಉಕ್ಕಿಸಿ ಒಳಗೆ ಸೇರುತ್ತಾರೆ. ಒಂದೂವರೆ ವರ್ಷದ ಬಳಿಕ ನ್ಯಾಯಾಲಯದ ನೋಟಿಸು ಬಾಗಿಲಿಗೆ ಬರುತ್ತದೆ. ಮನೆ ನಿಂತಿರುವುದು ಭೂಪರಿವರ್ತನೆಯಾಗದ ಎರಡು ಎಕರೆ ಜಮೀನಿನಲ್ಲಿ. ಪಹಣಿ ಇನ್ನೂ ತೀರಿಕೊಂಡ ಯಜಮಾನರ ಹೆಸರಿನಲ್ಲಿದೆ. ಅವರ ಮಗಳು ಪಾಲಿಗಾಗಿ ದಾವೆ ಹೂಡಿದ್ದಾರೆ.

ಈ ಪ್ರಸಂಗದಲ್ಲಿ ಗಮನಿಸಬೇಕಾದ ಅಂಶವೆಂದರೆ, ಖರೀದಿದಾರರಿಗೆ ತೋರಿಸಿದ ಕಾಗದಗಳಲ್ಲಿ ಒಂದೂ ನಕಲಿಯಲ್ಲ. ರಸೀದಿ ನಿಜವಾದುದು, ಬಿಲ್ಲು ನಿಜವಾದುದು, ಕರಾರಿನ ಸಹಿಗಳೂ ನಿಜವಾದುವು. ಆದರೆ ಅವುಗಳಲ್ಲಿ ಯಾವುದೂ ಒಡೆತನವನ್ನು ಕೊಡುವ ಪತ್ರವಲ್ಲ. ಮೋಸವೆಂದರೆ ಖೋಟಾ ದಾಖಲೆಯೇ ಎಂದು ಜನರು ತಿಳಿದಿರುವುದರಿಂದ, ಕಾಗದ ಅಸಲಿಯೇ ಎಂದಷ್ಟೇ ವಿಚಾರಿಸುತ್ತಾರೆ; ಅದು ಯಾವುದಕ್ಕೆ ಪುರಾವೆ ಎಂದು ವಿಚಾರಿಸುವುದಿಲ್ಲ.

ಕಂದಾಯದ ರಸೀದಿ ಒಡೆತನದ ಪತ್ರವಲ್ಲ

ಗ್ರಾಮ ಪಂಚಾಯಿತಿಯು ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 199ನೇ ಪ್ರಕರಣದಡಿ ಕಟ್ಟಡಗಳ ಮೇಲೆ ತೆರಿಗೆ ವಿಧಿಸುತ್ತದೆ. ತೆರಿಗೆಯನ್ನು ಯಾರು ಕಟ್ಟಿದರೂ ರಸೀದಿ ದೊರೆಯುತ್ತದೆ. ಪಂಚಾಯಿತಿಯ ಪುಸ್ತಕದಲ್ಲಿ ಹೆಸರಿರುವುದರಿಂದ ತೆರಿಗೆಯ ಹೊಣೆ ಯಾರದೆಂಬುದು ತಿಳಿಯುತ್ತದೆಯೇ ಹೊರತು ಸ್ವತ್ತು ಯಾರದೆಂಬುದು ತೀರ್ಮಾನವಾಗುವುದಿಲ್ಲ. ಖಾತೆಯಾಗಲಿ, ಮ್ಯುಟೇಷನ್ ಆಗಲಿ ಒಡೆತನವನ್ನು ಸೃಷ್ಟಿಸುವುದಿಲ್ಲವೆಂದು ಉನ್ನತ ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಒಡೆತನವು ಹುಟ್ಟುವುದು ನೋಂದಾಯಿತ ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಉತ್ತರಾಧಿಕಾರ, ಸರ್ಕಾರದ ಮಂಜೂರಾತಿ ಮೊದಲಾದ ಮೂಲಗಳಿಂದ.

2013ರಲ್ಲಿ ಇ-ಸ್ವತ್ತು ತಂತ್ರಾಂಶ ಬಂದ ಬಳಿಕ ಕೈಬರಹದ ಖಾತಾ ನಕಲುಗಳ ಕಾಲ ಮುಗಿಯಿತು. ನಮೂನೆ-9 ಮತ್ತು 11ಎ ಎಂಬ ಹೆಸರುಗಳು ಮನೆಮನೆಯ ಮಾತಾದವು. ಗ್ರಾಮಠಾಣಾ ಒಳಗಿನ ಸ್ವತ್ತು, ಭೂಪರಿವರ್ತನೆಯಾಗಿ ವಿನ್ಯಾಸಕ್ಕೆ ಅನುಮೋದನೆ ಪಡೆದ ಸ್ವತ್ತು, ಸರ್ಕಾರಿ ವಸತಿ ಯೋಜನೆಯಲ್ಲಿ ಹಂಚಿಕೆಯಾದ ಸ್ವತ್ತು, ಇವುಗಳಿಗೆ ಆ ನಮೂನೆಗಳು ದೊರೆಯುತ್ತಿದ್ದವು. ಇವು ಯಾವುದರಲ್ಲಿಯೂ ಸೇರದ ಸ್ವತ್ತುಗಳನ್ನು ತೆರಿಗೆಯ ಉದ್ದೇಶಕ್ಕಾಗಿ 11ಬಿಯಲ್ಲಿ ದಾಖಲಿಸಲಾಗುತ್ತಿತ್ತು. ಇಲ್ಲಿ ಒಂದು ಅಕ್ಷರದ ಅಂತರವು ಲಕ್ಷಾಂತರ ರೂಪಾಯಿಯ ಅಂತರವಾಗಬಲ್ಲದು. 'ಇ-ಸ್ವತ್ತು ಆಗಿದೆ' ಎಂದು ಮಾರುವವರು ಹೇಳಿದರೆ ಸಾಲದು. ಯಾವ ನಮೂನೆ ಎಂದು ಕೇಳಬೇಕು. 11ಬಿ ಎಂಬುದು ಪಂಚಾಯಿತಿ ನೀಡಿದ ದಾಖಲೆಯೇ ಹೌದು, ಅದರ ಮೇಲೆ ತೆರಿಗೆ ಕಟ್ಟಿಸಿಕೊಳ್ಳುವುದೂ ಹೌದು. ಆದರೆ ತೆರಿಗೆಯ ಜಾಲಕ್ಕೆ ಸೇರಿದ ಮಾತ್ರಕ್ಕೆ ಅನಧಿಕೃತ ಬಡಾವಣೆಯು ಅಧಿಕೃತವಾಗುವುದಿಲ್ಲ. ಇಂತಹ ಸ್ವತ್ತಿನ ಮೇಲೆ ಗೃಹಸಾಲ ನೀಡಲು ಬ್ಯಾಂಕುಗಳು ಹಿಂಜರಿಯುವುದಕ್ಕೂ ಇದೇ ಕಾರಣ.

ಕೇಂದ್ರ ಸರ್ಕಾರವು 2020ರ ಏಪ್ರಿಲ್ 24ರಂದು ಆರಂಭಿಸಿದ ಸ್ವಾಮಿತ್ವ ಯೋಜನೆಯಡಿ ಗ್ರಾಮಠಾಣಾ ಪ್ರದೇಶವನ್ನು ಡ್ರೋನ್ ಮೂಲಕ ಅಳೆದು ಆಸ್ತಿ ಕಾರ್ಡ್ ನೀಡಲಾಗುತ್ತಿದೆ. ಕಾರ್ಡ್ ದೊರೆತಿರುವ ಗ್ರಾಮಗಳಲ್ಲಿ ಅದರ ಅಳತೆಯನ್ನು ಕ್ರಯಪತ್ರದ ಅಳತೆಯೊಡನೆ ಹೋಲಿಸಿ ನೋಡುವುದು ಒಳ್ಳೆಯದು. ಹಳೆಯ ಪತ್ರಗಳಲ್ಲಿ ಮೊಳ, ಗಜಗಳ ಲೆಕ್ಕವಿದ್ದು, ಅಡಿಗೆ ತಿರುಗಿಸುವಾಗ ಜಾಗ ಬೆಳೆಯುವುದೂ ಉಂಟು, ಕುಗ್ಗುವುದೂ ಉಂಟು.

ನೆಲದ ಪೂರ್ವಾಪರ

ಮನೆಯನ್ನು ನೋಡುವವರು ಗೋಡೆ, ಮಾಳಿಗೆ, ಬಾಗಿಲು ನೋಡುತ್ತಾರೆ. ಗ್ರಾಮೀಣ ಪ್ರದೇಶದಲ್ಲಿ ತೊಡಕು ಇರುವುದು ಗೋಡೆಯಲ್ಲಲ್ಲ, ಅದರ ಕೆಳಗಿನ ಸರ್ವೆ ನಂಬರಿನಲ್ಲಿ.

ಕೃಷಿ ಜಮೀನನ್ನು ವಾಸಕ್ಕೆ ಬಳಸಬೇಕಾದರೆ ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ 95ನೇ ಪ್ರಕರಣದಂತೆ ಭೂಪರಿವರ್ತನೆಯಾಗಿರಬೇಕು. ಜನರು ಇದನ್ನು ಒಂದು ಸೀಮೆಯಲ್ಲಿ ಎನ್‌ಎ ಎಂದೂ ಮತ್ತೊಂದು ಸೀಮೆಯಲ್ಲಿ ಅಲಿನೇಷನ್ ಎಂದೂ ಕರೆಯುತ್ತಾರೆ. ಪರಿವರ್ತನೆಯ ಆದೇಶವನ್ನು ತೋರಿಸಿದರೂ ಮೂರು ಸಂಗತಿಗಳನ್ನು ಓದಿ ನೋಡಬೇಕು. ಆದೇಶವು ಸರ್ವೆ ನಂಬರಿನ ಎಷ್ಟು ಗುಂಟೆಗೆ ಸಂಬಂಧಿಸಿದೆ, ಯಾವ ಉದ್ದೇಶಕ್ಕೆ ನೀಡಲಾಗಿದೆ, ಅದರ ನಂತರ ನಿವೇಶನಗಳ ವಿನ್ಯಾಸ ನಕ್ಷೆಗೆ ಸಕ್ಷಮ ಪ್ರಾಧಿಕಾರದ ಅನುಮೋದನೆ ದೊರೆತಿದೆಯೇ. ಎರಡು ಎಕರೆಯಲ್ಲಿ ಇಪ್ಪತ್ತು ಗುಂಟೆಗೆ ಮಾತ್ರ ಪರಿವರ್ತನೆ ಪಡೆದು ಅದೇ ಆದೇಶದ ಪ್ರತಿಯನ್ನು ಎಲ್ಲ ನಿವೇಶನದಾರರಿಗೂ ಹಂಚುವುದು ಸಾಧ್ಯ. ಪ್ರತಿಯೊಬ್ಬರ ಕೈಯಲ್ಲೂ ಜಿಲ್ಲಾಧಿಕಾರಿಗಳ ಆದೇಶ ಇರುತ್ತದೆ, ಆದರೆ ಅವರ ನಿವೇಶನ ಅದರೊಳಗೆ ಇರುವುದಿಲ್ಲ.

ಅನುಮೋದಿತ ವಿನ್ಯಾಸದಲ್ಲಿ ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ಜಾಗಗಳನ್ನು ಬಿಟ್ಟಿರುತ್ತಾರೆ. ಅನುಮೋದನೆಯಿಲ್ಲದ ಬಡಾವಣೆಯಲ್ಲಿ ಇಂದಿನ ರಸ್ತೆ ನಾಳೆ ಮತ್ತೊಂದು ನಿವೇಶನವಾಗಿ ಮಾರಾಟವಾಗಬಹುದು. ಆಗ ಮನೆಯಿದ್ದೂ ದಾರಿಯಿರುವುದಿಲ್ಲ. ಬೀದಿದೀಪ, ಚರಂಡಿ ಬೇಕೆಂದು ಇಂತಹ ಬಡಾವಣೆಗಳವರು ಪಂಚಾಯಿತಿಯ ಮುಂದೆ ನಿಲ್ಲುವುದನ್ನೂ, ಹಸ್ತಾಂತರವಾಗದ ರಸ್ತೆಗೆ ಅನುದಾನ ಹಾಕಲಾರದೆ ಸಭೆ ಇಕ್ಕಟ್ಟಿಗೆ ಸಿಲುಕುವುದನ್ನೂ ಸದಸ್ಯರು ಚೆನ್ನಾಗಿ ಬಲ್ಲರು. 500 ಚದರ ಮೀಟರ್‌ಗಿಂತ ದೊಡ್ಡ ಜಾಗದಲ್ಲಿ ನಿವೇಶನಗಳನ್ನು ಅಭಿವೃದ್ಧಿಪಡಿಸಿ ಮಾರುವ ಯೋಜನೆಯು ಸಾಮಾನ್ಯವಾಗಿ 2016ರ ರೇರಾ ಕಾಯ್ದೆಯಡಿ ನೋಂದಣಿಯಾಗಿರಬೇಕು. ನೋಂದಣಿ ಸಂಖ್ಯೆಯನ್ನು ಕರ್ನಾಟಕ ರೇರಾ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಇಂತಹ ಯೋಜನೆಯಲ್ಲಿ ಕರಾರುಪತ್ರ ಬರೆದು ನೋಂದಾಯಿಸದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯುವುದಕ್ಕೆ ಅವಕಾಶವಿಲ್ಲ.

ಮಂಜೂರಾದ ಜಮೀನಿನ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರಿಗೆ ಸರ್ಕಾರ ನೀಡಿದ ಜಮೀನನ್ನು 1978ರ ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿಯಿಲ್ಲದೆ ಪರಭಾರೆ ಮಾಡುವಂತಿಲ್ಲ. ಮಾಡಿದರೆ ಆ ಮಾರಾಟ ಶೂನ್ಯ. ಜಮೀನನ್ನು ಮೂಲ ಮಂಜೂರಾತಿದಾರರಿಗೆ ಅಥವಾ ಅವರ ವಾರಸುದಾರರಿಗೆ ಮರಳಿಸಲು ಉಪವಿಭಾಗಾಧಿಕಾರಿಗಳಿಗೆ ಅಧಿಕಾರವಿದೆ. ಅರ್ಜಿ ಸಲ್ಲಿಸಲು ಕಾಲಮಿತಿಯ ಅಡ್ಡಿ ಇರಬಾರದೆಂಬ ಉದ್ದೇಶದಿಂದ 2023ರಲ್ಲಿ ಕಾಯ್ದೆಗೆ ತಿದ್ದುಪಡಿಯೂ ಆಗಿದೆ. ಕೆಲವರು ಈ ಕಾಯ್ದೆಯನ್ನು ಖರೀದಿದಾರರಿಗೆ ಒಡ್ಡಿದ ತೊಡಕೆಂದು ಬಣ್ಣಿಸುತ್ತಾರೆ. ಬಡತನದ ಒತ್ತಡಕ್ಕೆ ಸಿಲುಕಿ ಭೂಮಿ ಕಳೆದುಕೊಂಡ ಕುಟುಂಬಗಳ ರಕ್ಷಣೆಗಾಗಿಯೇ ಇದು ಬಂದಿದೆ ಎಂಬುದನ್ನು ಸದಸ್ಯರು ಮರೆಯಬಾರದು. ಖರೀದಿಸುವವರು ಮಾಡಬೇಕಾದುದು ಇಷ್ಟೇ: ಪಹಣಿಯ ಮೂಲವನ್ನು ಹಿಂದಕ್ಕೆ ಅರಸುತ್ತ ಹೋಗಿ, ಜಮೀನು ಮಂಜೂರಾತಿಯಿಂದ ಬಂದುದೇ ಎಂದು ತಹಸೀಲ್ದಾರರ ಕಚೇರಿಯ ದಾಖಲೆಯಿಂದ ಖಚಿತಪಡಿಸಿಕೊಳ್ಳುವುದು.

ಆಶ್ರಯ ಮೊದಲಾದ ಯೋಜನೆಗಳಲ್ಲಿ ಹಂಚಿಕೆಯಾದ ಮನೆಗಳು, 94ಸಿ ಅಡಿಯಲ್ಲಿ ಸಕ್ರಮಗೊಂಡ ಮನೆಗಳು ಮಾರಾಟಕ್ಕೆ ಬಂದಾಗ ಹಕ್ಕುಪತ್ರದ ಷರತ್ತುಗಳನ್ನು ಪೂರ್ತಿಯಾಗಿ ಓದಬೇಕು. ಪರಭಾರೆಗೆ ನಿರ್ಬಂಧವಿರುವ ಅವಧಿಯೊಳಗೆ ಕೊಂಡವರಿಗೆ ಹಣವೂ ಇಲ್ಲ, ಮನೆಯೂ ಇಲ್ಲ ಎಂಬ ಸ್ಥಿತಿ ಒದಗಬಹುದು. ಕೆರೆಯಂಗಳ, ರಾಜಕಾಲುವೆ, ಗೋಮಾಳ, ಸ್ಮಶಾನ, ಗುಂಡುತೋಪುಗಳ ಅಂಚಿನ ಜಾಗಗಳಿಗೆ ಸರ್ವೆ ನಕ್ಷೆಯನ್ನು ನೋಡದೆ ಯಾವ ಮಾತನ್ನೂ ಆಡಬಾರದು.

ಸಹಿ ಹಾಕಬೇಕಾದವರು ಯಾರು

ಗ್ರಾಮಗಳಲ್ಲಿ ಅತಿ ಹೆಚ್ಚು ದಾವೆಗಳಿಗೆ ದಾರಿಯಾಗುವುದು ಈ ಪ್ರಶ್ನೆ. ಅಜ್ಜನ ಹೆಸರಿನ ಖಾತೆ ಪೌತಿಯಾಗದೆ ಹಾಗೆಯೇ ಉಳಿದಿರುತ್ತದೆ. ಮೊಮ್ಮಕ್ಕಳಲ್ಲಿ ಊರಿನಲ್ಲಿರುವ ಒಬ್ಬರು ಮನೆ ಮಾರಲು ಹೊರಡುತ್ತಾರೆ. ಅಥವಾ ಅಣ್ಣತಮ್ಮಂದಿರು ಹಿರಿಯರ ಸಮ್ಮುಖದಲ್ಲಿ ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡು, ಯಾವುದನ್ನೂ ನೋಂದಾಯಿಸದೆ, ತಮ್ಮ ತಮ್ಮ ಭಾಗವನ್ನು ಮಾರುತ್ತಾರೆ.

ಹೆಣ್ಣುಮಕ್ಕಳ ಹಕ್ಕನ್ನು ಬದಿಗಿಟ್ಟು ನಡೆದ ಮಾರಾಟಗಳು ಇವುಗಳಲ್ಲಿ ಮುಖ್ಯವಾದುವು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯಿಂದ ಅವಿಭಕ್ತ ಕುಟುಂಬದ ಸ್ವತ್ತಿನಲ್ಲಿ ಮಗಳಿಗೂ ಮಗನಂತೆಯೇ ಹುಟ್ಟಿನಿಂದ ಹಕ್ಕು ಬಂದಿದೆ. ಅದಕ್ಕೆ ಹತ್ತು ವರ್ಷಗಳಿಗೂ ಮೊದಲೇ, 1994ರಲ್ಲಿ, ಕರ್ನಾಟಕವು ತನ್ನದೇ ತಿದ್ದುಪಡಿಯನ್ನು ತಂದಿತ್ತು. 2005ರ ತಿದ್ದುಪಡಿ ಜಾರಿಯಾದ ದಿನ ತಂದೆ ಬದುಕಿರಲೇಬೇಕೆಂಬ ನಿಯಮವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ವಿನೀತಾ ಶರ್ಮಾ ಪ್ರಕರಣದಲ್ಲಿ 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಾಯಿತ ಪತ್ರದ ಮೂಲಕ ಅಥವಾ ನ್ಯಾಯಾಲಯದ ಡಿಕ್ರಿಯ ಮೂಲಕ ಆದ ವಿಭಾಗಗಳಿಗೆ ಮಾತ್ರ ರಕ್ಷಣೆಯಿದೆ. ತಂದೆಯ ಸ್ವಯಾರ್ಜಿತ ಸ್ವತ್ತಾಗಿದ್ದು ಅವರು ಉಯಿಲು ಬರೆಯದೆ ತೀರಿಕೊಂಡಿದ್ದರೆ ಪತ್ನಿ, ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರೂ ವಾರಸುದಾರರೇ. ಮುಸ್ಲಿಂ ಮತ್ತು ಕ್ರೈಸ್ತ ಕುಟುಂಬಗಳಲ್ಲಿಯೂ ಅವರವರಿಗೆ ಅನ್ವಯಿಸುವ ಉತ್ತರಾಧಿಕಾರದ ನಿಯಮದಂತೆ ಹೆಣ್ಣುಮಕ್ಕಳಿಗೆ ಪಾಲುಂಟು.

'ಅಕ್ಕಂದಿರಿಗೆ ಮದುವೆಯಲ್ಲಿಯೇ ಕೊಟ್ಟು ಕಳುಹಿಸಿದ್ದೇವೆ' ಎಂಬ ಮಾತಿಗೆ ನ್ಯಾಯಾಲಯದಲ್ಲಿ ಬೆಲೆಯಿಲ್ಲ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರನ್ನೇ ಕೈಬಿಟ್ಟು ತಂದು ತೋರಿಸುವವರೂ ಇದ್ದಾರೆ. ಇಂತಹ ಕಡೆ ಸದಸ್ಯರಿಗಿರುವ ತಿಳಿವಳಿಕೆ ವಕೀಲರಿಗೂ ಇರುವುದಿಲ್ಲ. ಆ ಮನೆಯಿಂದ ಎಷ್ಟು ಹೆಣ್ಣುಮಕ್ಕಳು ಯಾವ ಊರಿಗೆ ಹೋಗಿದ್ದಾರೆಂಬುದು ಊರಿಗೇ ಗೊತ್ತಿರುತ್ತದೆ. ಆ ಮಾತನ್ನು ಖರೀದಿದಾರರಿಗೆ ಮುಂಗಡಕ್ಕೆ ಮೊದಲೇ ತಿಳಿಸುವುದು ಚಾಡಿಯಲ್ಲ, ಉಪಕಾರ.

ವಾರಸುದಾರರೆಲ್ಲರೂ ಕ್ರಯಪತ್ರದಲ್ಲಿ ಮಾರಾಟಗಾರರಾಗಿಯೇ ಸಹಿ ಹಾಕಬೇಕು, ಅಥವಾ ಮೊದಲೇ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟಿರಬೇಕು. ಸಾಕ್ಷಿಯ ಸಾಲಿನಲ್ಲಿ ಸಹಿ ಮಾಡಿಸಿಕೊಂಡರೆ ಅವರ ಹಕ್ಕು ವರ್ಗವಾಗುವುದಿಲ್ಲ. ಅಪ್ರಾಪ್ತ ವಯಸ್ಸಿನ ಮಕ್ಕಳ ಸ್ವಂತ ಸ್ವತ್ತನ್ನು ಮಾರಲು ಪೋಷಕರಿಗೆ ನ್ಯಾಯಾಲಯದ ಅನುಮತಿ ಬೇಕು; ಅನುಮತಿಯಿಲ್ಲದೆ ನಡೆದ ಮಾರಾಟವನ್ನು ಮಗು ಪ್ರಾಪ್ತವಯಸ್ಕನಾದ ಮೇಲೆ ಪ್ರಶ್ನಿಸಬಹುದು.

ಋಣಭಾರ ಪ್ರಮಾಣಪತ್ರವನ್ನು ಓದುವ ಬಗೆ

ಇಸಿ ಎಂದು ಎಲ್ಲರೂ ಕರೆಯುವ ಋಣಭಾರ ಪ್ರಮಾಣಪತ್ರವನ್ನು ಕಾವೇರಿ ತಂತ್ರಾಂಶದಲ್ಲಿ ಮನೆಯಿಂದಲೇ ಪಡೆಯಬಹುದು. ಅದು ಸುಲಭವಾಗಿರುವುದರಿಂದಲೇ ಜನರು ಅದನ್ನು ಅವಸರದಲ್ಲಿ ಪಡೆಯುತ್ತಾರೆ. ಹತ್ತು ಹನ್ನೆರಡು ವರ್ಷಗಳ ಇಸಿ ಸಾಲದು. ಮೂವತ್ತು ವರ್ಷಗಳಷ್ಟು ಹಿಂದಕ್ಕೆ ನೋಡುವುದು ವಕೀಲರ ರೂಢಿ. 2004ಕ್ಕಿಂತ ಹಿಂದಿನ ನೋಂದಣಿಗಳಿಗೆ ಉಪನೋಂದಣಾಧಿಕಾರಿ ಕಚೇರಿಯ ಹಳೆಯ ಪುಸ್ತಕಗಳನ್ನು ಹುಡುಕಿಸಬೇಕಾಗುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಸಂಖ್ಯೆಗಳದು. ಗ್ರಾಮದ ಒಂದೇ ಮನೆಗೆ ಕಾಲಕಾಲಕ್ಕೆ ಬೇರೆ ಬೇರೆ ಗುರುತುಗಳು ಬಂದಿರುತ್ತವೆ: ಮೊದಲು ಸರ್ವೆ ನಂಬರು, ಆಮೇಲೆ ಜಂಜರು ಸಂಖ್ಯೆ, ಬಳಿಕ ಅಸೆಸ್‌ಮೆಂಟ್ ಸಂಖ್ಯೆ, ಈಗ ಇ-ಸ್ವತ್ತಿನ ಉದ್ದನೆಯ ಸಂಖ್ಯೆ. ಇಸಿಯಲ್ಲಿ ಹುಡುಕಾಟ ನಡೆಯುವುದು ಅರ್ಜಿಯಲ್ಲಿ ಕೊಟ್ಟ ವಿವರದಂತೆ. ಹೊಸ ಸಂಖ್ಯೆಯನ್ನು ಮಾತ್ರ ಕೊಟ್ಟು ಹುಡುಕಿಸಿದರೆ, ಹಳೆಯ ಸಂಖ್ಯೆಯಲ್ಲಿ ನೋಂದಾಯಿಸಿದ ಆಧಾರಪತ್ರವಾಗಲಿ ಕ್ರಯಪತ್ರವಾಗಲಿ ಅದರಲ್ಲಿ ಬರದೇ ಹೋಗಬಹುದು. ಆಗ 'ಯಾವುದೇ ವ್ಯವಹಾರ ಇಲ್ಲ' ಎಂಬ ಪ್ರಮಾಣಪತ್ರ ಕೈಗೆ ಬರುತ್ತದೆ. ಖರೀದಿದಾರರು ನೆಮ್ಮದಿಯಿಂದ ನಿದ್ರಿಸುತ್ತಾರೆ. ಆದುದರಿಂದ ಪ್ರತಿಯೊಂದು ಹಳೆಯ ಸಂಖ್ಯೆಗೂ, ಮೂಲ ಸರ್ವೆ ನಂಬರಿಗೂ ಪ್ರತ್ಯೇಕವಾಗಿ ಇಸಿ ಪಡೆಯತಕ್ಕದ್ದು. ಯಾವ ಸಂಖ್ಯೆ ಯಾವುದಾಗಿ ಬದಲಾಯಿತು ಎಂಬುದಕ್ಕೆ ಪಂಚಾಯಿತಿಯ ಹಳೆಯ ರಿಜಿಸ್ಟರುಗಳೇ ಆಧಾರ. ಅವು ಗೆದ್ದಲಿಗೆ ಸಿಗದಂತೆ ನೋಡಿಕೊಳ್ಳುವುದು ಕಚೇರಿಯ ಸಣ್ಣ ಕೆಲಸವೇನೂ ಅಲ್ಲ.

ಸರಿಯಾಗಿ ಪಡೆದ ಇಸಿಯಲ್ಲಿಯೂ ಕಾಣದ ಸಂಗತಿಗಳಿವೆ. ನೋಂದಣಿಯಾಗದ ಕರಾರು, ಬಾಯಿಮಾತಿನ ಪಾಲು, ನೋಂದಾಯಿಸದ ಉಯಿಲು, ಕೈಸಾಲಕ್ಕೆ ಒತ್ತೆಯಿಟ್ಟ ಮೂಲಪತ್ರ, ನ್ಯಾಯಾಲಯದಲ್ಲಿ ನಡೆಯುತ್ತಿರುವ ದಾವೆ ಇವು ಅದರಲ್ಲಿ ಇರಬೇಕೆಂದಿಲ್ಲ. ದಾವೆ ನಡೆಯುತ್ತಿರುವಾಗ ಕೊಂಡವರು ಆ ದಾವೆಯ ತೀರ್ಪಿಗೆ ಬದ್ಧರಾಗುತ್ತಾರೆ; ತಮಗೆ ವಿಷಯವೇ ತಿಳಿದಿರಲಿಲ್ಲ ಎಂಬುದು ಉತ್ತರವಾಗದು. ಇ-ಕೋರ್ಟ್ಸ್ ಜಾಲತಾಣದಲ್ಲಿ ಮಾರುವವರ ಹಾಗೂ ಅವರ ಒಡಹುಟ್ಟಿದವರ ಹೆಸರಿನಿಂದ ತಾಲ್ಲೂಕು ಮತ್ತು ಜಿಲ್ಲಾ ನ್ಯಾಯಾಲಯಗಳ ಪ್ರಕರಣಗಳನ್ನು ಹುಡುಕಬಹುದು. ಪ್ರಾರಂಭದಲ್ಲಿ ಹೇಳಿದ ದಂಪತಿಗಳಿಗೆ ಈ ಹತ್ತು ನಿಮಿಷದ ಕೆಲಸವೊಂದೇ ಒಂಬತ್ತು ಲಕ್ಷ ರೂಪಾಯಿ ಉಳಿಸಬಹುದಾಗಿತ್ತು. ಮೂಲಪತ್ರಗಳನ್ನು ಜೆರಾಕ್ಸ್‌ನಲ್ಲಿ ನೋಡಿ ತೃಪ್ತರಾಗದೆ ಅಸಲನ್ನೇ ಕಣ್ಣಾರೆ ನೋಡಬೇಕು. 'ಬ್ಯಾಂಕ್ ಲಾಕರಿನಲ್ಲಿದೆ' ಎಂದರೆ ಅದು ಲಾಕರಿನಲ್ಲಿದೆಯೋ ಸಾಲದ ಕಡತದಲ್ಲಿದೆಯೋ ಎಂದು ವಿಚಾರಿಸಬೇಕು.

ಕರಾರು, ಮುಖ್ತಾರುನಾಮೆ, ಮುಂಗಡ

ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರ ಸ್ವತ್ತಿನ ಮಾರಾಟ ನೋಂದಾಯಿತ ಪತ್ರದಿಂದ ಮಾತ್ರ ಆಗಬೇಕೆಂಬುದು 1882ರಿಂದ ಇರುವ ಕಾನೂನು. ಮಾರಾಟದ ಕರಾರು ಎಂಬುದು ಮುಂದೆ ಮಾರುತ್ತೇನೆಂಬ ವಾಗ್ದಾನ ಮಾತ್ರ. ಅದರಿಂದ ಸ್ವತ್ತಿನಲ್ಲಿ ಹಕ್ಕು ಹುಟ್ಟುವುದಿಲ್ಲ. ಕರಾರು, ಮುಖ್ತಾರುನಾಮೆ, ಉಯಿಲು ಈ ಮೂರನ್ನು ಸೇರಿಸಿ ಬರೆಸಿಕೊಂಡರೂ ಮಾರಾಟವಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಹೇಳಿದೆ. ನೋಟರಿಯ ಮೊಹರು ಇದ್ದರೂ ಸ್ಥಿತಿ ಬದಲಾಗದು. ಕೆಂಪು ಮೊಹರು, ಹಸಿರು ರಿಬ್ಬನ್ ಕಂಡರೆ ಹಳ್ಳಿಗರಿಗೆ ಬರುವ ಗೌರವವನ್ನು ಮಧ್ಯವರ್ತಿಗಳು ಚೆನ್ನಾಗಿ ಬಲ್ಲರು. ಮುಖ್ತಾರುನಾಮೆ ಬರೆದುಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಅದೂ ಅಲ್ಲಿಗೆ ಮುಗಿಯುತ್ತದೆ. ಹತ್ತು ವರ್ಷದ ಹಿಂದಿನ ಜಿಪಿಎ ತೋರಿಸಿದಾಗ ಕೇಳಬೇಕಾದ ಮೊದಲ ಪ್ರಶ್ನೆ, ಅದನ್ನು ಕೊಟ್ಟವರು ಬದುಕಿದ್ದಾರೆಯೇ ಎಂಬುದು.

'ರಿಜಿಸ್ಟ್ರೇಷನ್ ನಿಂತಿದೆ' ಎಂಬ ಮಾತು ಬಂದಲ್ಲಿ ಯಾವ ಕಾರಣಕ್ಕೆ ನಿಂತಿದೆ ಎಂದು ಉಪನೋಂದಣಾಧಿಕಾರಿ ಕಚೇರಿಯಲ್ಲಿಯೇ ವಿಚಾರಿಸಬೇಕು. ಬಹುಮಟ್ಟಿಗೆ ನಿಂತಿರುವುದು ನೋಂದಣಿಯಲ್ಲ, ಆ ಸ್ವತ್ತಿಗೆ ಬೇಕಾದ ದಾಖಲೆ.

ಮುಂಗಡವನ್ನು ಬ್ಯಾಂಕ್ ಮೂಲಕವೇ ಕೊಡಬೇಕು. ಸ್ಥಿರ ಸ್ವತ್ತಿನ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ದಾಖಲೆಗಳಲ್ಲಿ ದೋಷ ಕಂಡುಬಂದರೆ ಎಷ್ಟು ದಿನದಲ್ಲಿ ಮುಂಗಡ ಮರಳಿಸಬೇಕು, ಕ್ರಯಪತ್ರ ಯಾವ ದಿನಾಂಕದೊಳಗೆ ಆಗಬೇಕು, ಹಳೆಯ ಸಾಲವನ್ನು ಯಾರು ತೀರಿಸಬೇಕು ಎಂಬುದನ್ನು ಕರಾರಿನಲ್ಲಿ ಬರೆಸಬೇಕು. ಮಾರುವವರು ತಪ್ಪಿದರೆ ಕರಾರಿನ ನೆರವೇರಿಕೆಗಾಗಿ ದಾವೆ ಹೂಡಲು ಮೂರು ವರ್ಷಗಳ ಕಾಲಮಿತಿ ಇದೆ. 'ಇವತ್ತು ನಾಳೆ' ಎಂಬ ಮಾತಿನಲ್ಲಿ ಈ ಮೂರು ವರ್ಷ ಕಳೆದುಹೋಗುವುದೇ ಹೆಚ್ಚು.

ಶುಲ್ಕ ಉಳಿಸಲು ಪತ್ರದಲ್ಲಿ ಕಡಿಮೆ ಬೆಲೆ ತೋರಿಸುವ ರೂಢಿಯಿಂದ ನಷ್ಟವಾಗುವುದು ಕೊಂಡವರಿಗೇ. ಮುಂದೆ ವ್ಯವಹಾರ ಕೆಟ್ಟು ಹಣ ಮರಳಿ ಪಡೆಯಬೇಕಾಗಿ ಬಂದರೆ, ಪತ್ರದಲ್ಲಿ ಬರೆದ ಮೊತ್ತಕ್ಕಿಂತ ಹೆಚ್ಚು ಕೊಟ್ಟಿದ್ದೇವೆಂದು ಸಾಧಿಸುವುದು ಕಷ್ಟ.

ಹಣದ ಲೆಕ್ಕ

ಮನೆಯ ಬೆಲೆಯೇ ಒಟ್ಟು ವೆಚ್ಚವೆಂದು ತಿಳಿಯುವುದು ಮೊದಲ ಬಾರಿ ಕೊಳ್ಳುವವರ ಸಾಮಾನ್ಯ ತಪ್ಪು. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ ಮತ್ತು ಮೇಲ್ತೆರಿಗೆ, 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 2 ಇವೆಲ್ಲ ಸೇರಿ ಗ್ರಾಮೀಣ ಪ್ರದೇಶದಲ್ಲಿ ಶೇ. 7.65ರಷ್ಟಾಗುತ್ತದೆ. 12 ಲಕ್ಷದ ಮನೆಗೆ ಇದು 91,800 ರೂಪಾಯಿ. ಕೊಂಡ ಬೆಲೆ ಸರ್ಕಾರದ ಮಾರ್ಗಸೂಚಿ ಬೆಲೆಗಿಂತ ಕಡಿಮೆಯಿದ್ದರೆ ಶುಲ್ಕವನ್ನು ಮಾರ್ಗಸೂಚಿ ಬೆಲೆಯ ಮೇಲೆ ಲೆಕ್ಕ ಹಾಕಲಾಗುತ್ತದೆ. ಪತ್ರ ಬರಹಗಾರರ, ವಕೀಲರ ಸಂಭಾವನೆ, ಖಾತೆ ಬದಲಾವಣೆಯ ಶುಲ್ಕ, ದುರಸ್ತಿ, ಸುಣ್ಣಬಣ್ಣ ಬೇರೆ.

ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಗೃಹಸಾಲವು ಸ್ವತ್ತಿನ ಮೌಲ್ಯದ ಶೇ. 90ನ್ನು ಮೀರುವಂತಿಲ್ಲ, ಉಳಿದುದನ್ನು ಕೈಯಿಂದ ಹಾಕಬೇಕು. ಆ 'ಕೈಯಿಂದ' ಎಂಬುದನ್ನೂ ಬಡ್ಡಿಗೆ ತಂದರೆ ಎರಡು ಸಾಲಗಳ ಕಂತು ಒಟ್ಟಿಗೆ ಬೀಳುತ್ತದೆ. 10 ಲಕ್ಷ ರೂಪಾಯಿಯನ್ನು ಶೇ. 9ರ ಬಡ್ಡಿಯಲ್ಲಿ 20 ವರ್ಷಕ್ಕೆ ಪಡೆದರೆ ತಿಂಗಳ ಕಂತು ಸುಮಾರು 9,000. ಒಟ್ಟು ಕಟ್ಟುವುದು ಸುಮಾರು 21.6 ಲಕ್ಷ. ಅದನ್ನೇ 15 ವರ್ಷಕ್ಕೆ ಪಡೆದರೆ ಕಂತು ಸುಮಾರು 10,150; ಒಟ್ಟು ಸುಮಾರು 18.3 ಲಕ್ಷ. ತಿಂಗಳಿಗೆ 1,150 ಹೆಚ್ಚು ಕಟ್ಟಬಲ್ಲವರಿಗೆ 3.3 ಲಕ್ಷ ಉಳಿಯುತ್ತದೆ. ಆದರೆ ಕೂಲಿಯ ಆದಾಯ ತಿಂಗಳಿಂದ ತಿಂಗಳಿಗೆ ಏರಿಳಿಯುವ ಮನೆಯವರಿಗೆ ದೀರ್ಘಾವಧಿಯೇ ಕ್ಷೇಮ. ಬದಲಾಗುವ ಬಡ್ಡಿದರದ ಗೃಹಸಾಲವನ್ನು ವ್ಯಕ್ತಿಗಳು ಅವಧಿಗೆ ಮೊದಲೇ ತೀರಿಸಿದರೆ ದಂಡವಿಲ್ಲವಾದ್ದರಿಂದ, ಸುಗ್ಗಿಯಲ್ಲಿಯೋ ಬೋನಸ್ ಬಂದಾಗಲೋ ಹೆಚ್ಚಿಗೆ ಕಟ್ಟಿಕೊಳ್ಳಬಹುದು. ಬ್ಯಾಂಕಿನ ವಕೀಲರು ದಾಖಲೆ ನೋಡಿದ್ದಾರೆಂಬ ಕಾರಣಕ್ಕೆ ಖರೀದಿದಾರರು ನಿಶ್ಚಿಂತರಾಗುವಂತಿಲ್ಲ. ಅವರು ನೋಡುವುದು ಬ್ಯಾಂಕಿನ ಹಿತವನ್ನು.

ಸ್ಥಳವನ್ನು ನೋಡುವಾಗ

ಮನೆಯನ್ನು ಬೇಸಿಗೆಯಲ್ಲಿ ನೋಡಿ ಮಾತು ಮುಗಿಸುವುದಕ್ಕಿಂತ ಮಳೆ ಬಿದ್ದ ಮರುದಿನ ಒಮ್ಮೆ ಹೋಗಿ ಬರುವುದು ಲೇಸು. ಎರೆಮಣ್ಣಿನ ಪ್ರದೇಶದಲ್ಲಿ ನೆಲ ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವುದರಿಂದ ಗೋಡೆಗಳಲ್ಲಿ ಓರೆಯಾದ ಬಿರುಕು ಕಾಣುತ್ತದೆ. ಹೊಸ ಬಣ್ಣದ ಹಿಂದೆ ಅದು ಅಡಗಿರಬಹುದು. ಕೊಳವೆಬಾವಿಗೆ ಏಪ್ರಿಲ್ ತಿಂಗಳಲ್ಲಿ ನೀರು ಇರುತ್ತದೆಯೇ ಎಂದು ಅಕ್ಕಪಕ್ಕದವರನ್ನು ಕೇಳಬೇಕು. ಚೆಕ್ಕುಬಂದಿಯನ್ನು ಕಾಗದದಲ್ಲಿ ಓದುತ್ತಾ ಸ್ಥಳದಲ್ಲಿ ನಾಲ್ಕೂ ದಿಕ್ಕಿಗೆ ನಡೆದು ನೋಡಬೇಕು, ಏಕೆಂದರೆ ಅಳತೆಗೂ ಚೆಕ್ಕುಬಂದಿಗೂ ವ್ಯತ್ಯಾಸ ಬಂದಾಗ ನ್ಯಾಯಾಲಯಗಳು ಸಾಮಾನ್ಯವಾಗಿ ಚೆಕ್ಕುಬಂದಿಗೆ ಹೆಚ್ಚು ತೂಕ ಕೊಡುತ್ತವೆ. ಕಟ್ಟಡಕ್ಕೆ ಪಂಚಾಯತ್ ರಾಜ್ ಅಧಿನಿಯಮದ 64ನೇ ಪ್ರಕರಣದಂತೆ ಪಂಚಾಯಿತಿಯ ಅನುಮತಿ ಪಡೆಯಲಾಗಿತ್ತೇ ಎಂಬುದನ್ನೂ ನೋಡತಕ್ಕದ್ದು.

ಸದಸ್ಯರು ಏನು ಮಾಡಬಹುದು

ಸದಸ್ಯರು ವಕೀಲರ ಕೆಲಸ ಮಾಡಬೇಕೆಂದು ಯಾರೂ ನಿರೀಕ್ಷಿಸುವುದಿಲ್ಲ. ಓದದೆ ಯಾವ ಕರಾರಿಗೂ ಸಾಕ್ಷಿ ಹಾಕದಿರುವುದು, ಕಮಿಷನ್ ವ್ಯವಹಾರದಿಂದ ದೂರವಿರುವುದು ಅವರ ಹೆಸರಿನ ರಕ್ಷಣೆಗೂ ಅಗತ್ಯ. ಪಂಚಾಯಿತಿ ವ್ಯಾಪ್ತಿಯಲ್ಲಿ ಅನುಮೋದನೆ ಪಡೆದಿರುವ ಬಡಾವಣೆಗಳ ಹೆಸರು, ಸರ್ವೆ ನಂಬರು ಮತ್ತು ಆದೇಶ ಸಂಖ್ಯೆಯ ಪಟ್ಟಿಯನ್ನು ಕಚೇರಿಯ ಫಲಕದಲ್ಲಿಯೂ ಗ್ರಾಮಸಭೆಯಲ್ಲಿಯೂ ಪ್ರಕಟಿಸುವಂತೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯನ್ನು ಕೋರಿದರೆ, ಒಂದು ಹಾಳೆಯ ಆ ಪಟ್ಟಿಯಿಂದ ಅನೇಕ ಕುಟುಂಬಗಳು ಪಾರಾಗಬಹುದು. ಪಟ್ಟಿಯಲ್ಲಿಲ್ಲದ ಬಡಾವಣೆಯವರು ಅಸಮಾಧಾನಗೊಳ್ಳುವುದು ಸಹಜ. ಪಟ್ಟಿ ಇರುವುದು ಸತ್ಯಾಂಶದ ಮೇಲೆ ಆಗಿರುವುದರಿಂದ ಹಿಂಜರಿಯಬೇಕಾದುದಿಲ್ಲ.

ವಕೀಲರ ಶುಲ್ಕಕ್ಕೆ ಅಂಜುವವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯ ದಾರಿ ತೋರಿಸಬೇಕು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. 15100 ಸಂಖ್ಯೆಗೆ ಕರೆಮಾಡಿಯೂ ಮಾಹಿತಿ ಪಡೆಯಬಹುದು. ಈಗಾಗಲೇ ಹಣ ಕೊಟ್ಟು ಸಿಲುಕಿಕೊಂಡವರೂ ಸುಮ್ಮನೆ ಕೂರದೆ ಅಲ್ಲಿಗೆ ಹೋಗಬೇಕು. ಕಾಲ ಓಡುತ್ತಿರುತ್ತದೆ.

ಕ್ರಯಪತ್ರ ನೋಂದಣಿಯಾದ ಬಳಿಕವೂ ಕೆಲವು ಕೆಲಸಗಳು ಉಳಿಯುತ್ತವೆ. ದುಡಿಮೆ ಇಬ್ಬರದಾಗಿದ್ದರೆ ಪತ್ರ ಪತಿ ಪತ್ನಿ ಇಬ್ಬರ ಹೆಸರಿನಲ್ಲಿಯೂ ಇರಲೆಂದು ಪತ್ರ ಬರೆಯಿಸುವ ಮೊದಲೇ ಸೂಚಿಸಬಹುದು. ನೋಂದಣಿಯಾದ ಕೆಲವು ದಿನಗಳಲ್ಲಿ ಹೊಸ ಇಸಿ ಪಡೆದು ತಮ್ಮ ಖರೀದಿ ಅದರಲ್ಲಿ ಬಂದಿದೆಯೇ, ಹೆಸರು, ಅಳತೆ, ಚೆಕ್ಕುಬಂದಿ ಸರಿಯಿವೆಯೇ ಎಂದು ನೋಡಬೇಕು. ಅಕ್ಷರ ತಪ್ಪಿದ್ದರೆ ಮಾರಿದವರು ಊರಿನಲ್ಲಿರುವಾಗಲೇ ತಿದ್ದುಪಡಿ ಪತ್ರ ಮಾಡಿಸಿಕೊಳ್ಳುವುದು ಸುಲಭ. ಖಾತೆ ಬದಲಾವಣೆ, ವಿದ್ಯುತ್ ಮೀಟರಿನ ಹೆಸರು ಬದಲಾವಣೆ, ನೀರಿನ ಸಂಪರ್ಕದ ಹಳೆಯ ಬಾಕಿ ಇವುಗಳನ್ನು ಅದೇ ತಿಂಗಳಲ್ಲಿ ಮುಗಿಸಿಕೊಂಡು, ಮಾರಿದವರಿಂದ ಪಡೆದ ಹಳೆಯ ಮೂಲಪತ್ರಗಳನ್ನು ಹೊಸ ಪತ್ರದೊಡನೆ ಒಂದೇ ಕಡತದಲ್ಲಿ ಇರಿಸತಕ್ಕದ್ದು.